ವೃಷಭಾವತಿ: ಚರಿತ್ರೆಯಲ್ಲಿ ಬಿಟ್ಟುಹೋದವರು



ಸ್ವಲ್ಪ ಉದ್ದದ ಪೋಸ್ಟು. ಬಿಡುವು ಮಾಡಿಕೊಂಡು ಪೂರ್ತಿ ಓದಿ.

ಬೆಂಗಳೂರಿಗೆ ನದಿಯೇ ಇಲ್ಲ ಅಂತ ಹೇಳೋದು ವಾಡಿಕೆ. ಆದರೆ ಇದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಒಂದು ದಿಬ್ಬದ ಮೇಲೆ ಕೂತಿದೆ. ದಿಬ್ಬದ ಪೂರ್ವಕ್ಕೆ ಬಿದ್ದ ಮಳೆನೀರು ಬೆಳ್ಳಂದೂರು, ವರ್ತೂರು ಕೆರೆ ಹಾದು ದಕ್ಷಿಣ ಪಿನಾಕಿನಿಗೆ ಹೋಗುತ್ತೆ. ನೈರುತ್ಯಕ್ಕೆ ಇಳಿದ ನೀರೇ ವೃಷಭಾವತಿ. ಮೈಸೂರು ರಸ್ತೆಯ ಪಕ್ಕ ಹರಿದು, ಕೆಂಗೇರಿ ದಾಟಿ, ಬಿಡದಿ ಹತ್ತಿರದ ಬೈರಮಂಗಲ ಕೆರೆ ಸೇರಿ, ಮುಂದೆ ಅರ್ಕಾವತಿಗೆ, ಅಲ್ಲಿಂದ ಸಂಗಮದಲ್ಲಿ ಕಾವೇರಿಗೆ.

ಈ ನದಿ ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟಿತು ಅನ್ನೋದು ಜನರ ನಂಬಿಕೆ. ಇನ್ನೊಂದು ಮೂಲ ಮಲ್ಲೇಶ್ವರದ ನಂದಿ ತೀರ್ಥ ಅಂತಾರೆ. ಸಂಪಿಗೆ ರಸ್ತೆಯಿಂದ ಕೂಗಳತೆ ದೂರ, ಕಾಡು ಮಲ್ಲೇಶ್ವರ ಗುಡಿಯ ಎದುರಿಗೇ ಇದೆ. ಮಣ್ಣಲ್ಲಿ ಮುಚ್ಚಿಹೋಗಿದ್ದ ಇದನ್ನು 1997ರಲ್ಲಿ ಅಗೆದು ತೆಗೆದರು. ನಂದಿಯ ಬಾಯಿಂದ ಬರುವ ನೀರು ಲಿಂಗದ ಮೇಲೆ ಬಿದ್ದು ಕಲ್ಯಾಣಿಗೆ ಇಳಿಯುತ್ತೆ. ನನ್ನ ಆಫೀಸು ಅಲ್ಲಿಗೆ ಹತ್ತಿರ. ಹಲವು ಸಲ ನೋಡಿದ್ದೇನೆ. ಚೆನ್ನಾಗಿದೆ.

ಕಾಡು ಮಲ್ಲೇಶ್ವರದಲ್ಲಿ 1669ರ ಶಾಸನ ಇದೆ. ಶಿವಾಜಿಯ ಮಲತಮ್ಮ ವೆಂಕೋಜಿ ಈ ದೇವರಿಗೆ ಮೇದರನಿಂಗನಹಳ್ಳಿ ಅನ್ನೋ ಊರನ್ನು ದಾನ ಕೊಟ್ಟ ವಿಷಯ ಅದರಲ್ಲಿದೆ. ಹೆಸರು ಗಮನಿಸಿ. ಮೇದರು ಅಂದ್ರೆ ಬಿದಿರು ಸೀಳಿ ಬುಟ್ಟಿ, ಮೊರ ಹೆಣೆಯುವ ಜನ. ದಾನ ಪಡೆದ ದೇವರ ಹೆಸರು ಇಡೀ ಬಡಾವಣೆಗೆ ಬಂತು. ದಾನವಾಗಿ ಹೋದ ಊರಿನ ಹೆಸರು ಇವತ್ತು ಯಾವ ಬಸ್ಸಿನ ಬೋರ್ಡಲ್ಲೂ ಇಲ್ಲ.

ಈಗ ಬಡಾವಣೆಯ ವಿಷಯಕ್ಕೆ ಬರೋಣ. ಮಲ್ಲೇಶ್ವರ, ಬಸವನಗುಡಿ ಎರಡನ್ನೂ 1890ರ ದಶಕದಲ್ಲಿ ಕಟ್ಟಿದರು. 1898ರ ಪ್ಲೇಗ್ ಬಂದ ಮೇಲೆ ಪೇಟೆಯ ಜನ ಗಾಳಿ ಬೆಳಕು ಹುಡುಕಿಕೊಂಡು ಇಲ್ಲಿಗೆ ಬಂದರು. ಸೈಟು ಹಂಚುವಾಗಲೂ ಇಂಥ ಜಾತಿಗೆ ಇಂಥ ಭಾಗ ಅಂತ ವಿಂಗಡಣೆ ಇತ್ತು. ಮುಂದೆ ಅಗಲವಾದ ಬೀದಿ, ಸಂಪಿಗೆ, ಬೇವಿನ ಮರ. ಮನೆಗಳ ಹಿಂದೆ ಕಿರಿದಾದ ಓಣಿ. ಕನ್ಸರ್ವೆನ್ಸಿ ಗಲ್ಲಿ ಅಂತ ಅದರ ಹೆಸರು. ಯಾಕೆ ಗೊತ್ತಾ? ಒಳಚರಂಡಿ ಬರುವ ಮೊದಲು ಕಕ್ಕಸಿನ ಮಲ ಬಾಚಿಕೊಂಡು ಹೋಗುವವರು ಮುಂಬಾಗಿಲಿಗೆ ಕಾಣದಂತೆ ಬಂದು ಹೋಗಲಿ ಅಂತ. ಅಂದರೆ ಜಾತಿಯನ್ನ ನಕ್ಷೆಯಲ್ಲೇ ಬರೆದಿದ್ದರು. ಈಚೆಗೆ ಕೆಲವು ಓಣಿಗಳಿಗೆ ಬಣ್ಣ ಬಳಿದು ಚಿತ್ರ ಬಿಡಿಸಿದ್ದಾರೆ. ಬಿಡಿಸಲಿ. ಆ ಓಣಿಯಲ್ಲಿ ನಡೆದವರು ಯಾರು ಅಂತ ಒಂದು ಸಾಲು ಬರೆದರೆ ಏನು ಕಷ್ಟ?

1896ರಲ್ಲಿ ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಕೊಳವೆಯಲ್ಲಿ ನೀರು ಬಂತು. ಬಳಸಿದ ನೀರು ಎಲ್ಲಾದರೂ ಹೋಗಬೇಕಲ್ಲ? ತಗ್ಗಿನಲ್ಲಿದ್ದ ವೃಷಭಾವತಿಗೆ ಹೋಯ್ತು. ಅದೇ ವೃಷಭಾವತಿ ಆ ಕೊಳಚೆಯನ್ನು ಹೊತ್ತು ಅರ್ಕಾವತಿಗೇ ಒಯ್ದು ಹಾಕಿತು. ಊರು ಬೆಳೆದಂತೆ, ಕಾರ್ಖಾನೆ ಬಂದಂತೆ ನದಿ ಕಪ್ಪಾಯ್ತು. ಬೈರಮಂಗಲದ ಕೆಳಗಿನ ರೈತರು ಇವತ್ತಿಗೂ ಆ ನೀರಲ್ಲೇ ಮೇವು, ತರಕಾರಿ ಬೆಳೀಬೇಕು. ನಮ್ಮ ಮನೆಗಳಲ್ಲಿ ವೃಷಭಾವತಿ ಅನ್ನೋ ಹೆಸರೇ ಗೊತ್ತಿರಲಿಲ್ಲ. ಕೆಂಗೇರಿ ಮೋರಿ ಅಂತಲೇ ಅನ್ನುತ್ತಿದ್ದರು. ಮೇಲೆ ತೀರ್ಥ, ಕೆಳಗೆ ಮೋರಿ. ನೀರು ಒಂದೇ.

ಆ ಮೋರಿಗೆ ಸೇರುವ ಪೈಪು, ಗುಂಡಿಗಳಿಗೆ ಇಳಿದವರು ಯಾರು? ಬಹುಪಾಲು ನಮ್ಮವರೇ. ತಲೆ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲೇ ನಿಷೇಧಿಸಿದ್ದು ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ನಮ್ಮ ಬಿ. ಬಸವಲಿಂಗಪ್ಪನವರು. ದೇಶದ ಕಾನೂನು ಬಂದಿದ್ದು 1993ರಲ್ಲಿ. 2013ರಲ್ಲಿ ಇನ್ನೊಂದು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿಸಬೇಕಾಗಿ ಬಂತು ಅಂದ್ರೆ ಸಾವು ನಿಂತಿಲ್ಲ ಅಂತಲೇ ಅರ್ಥ.

1927ರಲ್ಲಿ ಬಾಬಾಸಾಹೇಬರು ಮಹಾಡ್‌ನ ಚೌದಾರ್ ಕೆರೆಗೆ ಇಳಿದು ನೀರು ಕುಡಿದರು. ಅಲ್ಲಿ ನಮಗೆ ಮುಟ್ಟಬೇಡಿ ಅಂದಿದ್ದು ಒಳ್ಳೆ ನೀರನ್ನ. ಇಲ್ಲಿ ನೀವೇ ಮುಟ್ಟಬೇಕು ಅಂದಿದ್ದು ಕೊಳಚೆಯನ್ನ. ಎರಡರ ಹಿಂದೆ ಇರೋದು ಒಂದೇ ಬುದ್ಧಿ.

ವೃಷಭಾವತಿಯನ್ನ ಉಳಿಸಬೇಕು ಅಂತ ಹೋರಾಡುವವರ ಜೊತೆ ನಾನೂ ಇದ್ದೇನೆ. ನದಿ ಶುದ್ಧ ಆಗಲಿ. ಆದರೆ ಅದನ್ನ ಶುದ್ಧ ಮಾಡೋಕೆ ಮತ್ತೆ ನಮ್ಮ ಹುಡುಗರನ್ನೇ ಗುಂಡಿಗೆ ಇಳಿಸಬೇಡಿ. ಯಂತ್ರ ತನ್ನಿ. ಈ ನದಿಯ ಚರಿತ್ರೆ ಬರೆಯುವಾಗ ನಂದಿಯ ಬಾಯಿಗೇ ನಿಲ್ಲಿಸಬೇಡಿ, ಹಿಂದಿನ ಓಣಿಯಿಂದ ಬೈರಮಂಗಲದ ತನಕ ಬರೆಯಿರಿ. ನಿಮ್ಮ ಮನೆಯ ಹಿರಿಯರು ಪೌರಕಾರ್ಮಿಕರಾಗಿದ್ದರೆ ಅವರನ್ನು ಕೂರಿಸಿಕೊಂಡು ಕೇಳಿ, ಬರೆದಿಡಿ. ನಾವು ಬರೆಯದಿದ್ದರೆ ಮೇದರನಿಂಗನಹಳ್ಳಿಯ ಗತಿಯೇ ನಮಗೂ.

ಜೈ ಭೀಮ್.