ಫಸಲಿ ಸಾಲಿನ ಲೆಕ್ಕ

ನಮ್ಮ ಮುತ್ಯಾ ಹೊಲ ಒತ್ತಿ ಇಟ್ಟ ಕಾಗದದ ಮೇಲೆ ಆಜುರ್ ತಿಂಗಳು, 1345 ಫಸಲಿ ಅಂತ ಅದ. ಬಿಡಿಸಿಕೊಂಡ ಕಾಗದದ ಮೇಲೆ ತೀರ್ ತಿಂಗಳು, ಅದೇ 1345. ನಡುವೆ ಏಳು ತಿಂಗಳು. ಈಚೆಗೆ ಒಂದು ಕಡೆ ಇವನ್ನು ಕಂಪ್ಯೂಟರಿಗೆ ಏರಿಸಿದಾಗ ಎರಡಕ್ಕೂ 1-1-1935 ಅಂತ ಬಂತು. ಒತ್ತಿ ಇಟ್ಟ ದಿನವೇ ಬಿಡಿಸಿಕೊಂಡಂಗಾಯ್ತು! ಬಿಡಿಸಿಕೊಂಡ ಮೇಲೆ ಮತ್ತೆ ಒತ್ತಿ ಇಟ್ಟಾರ ಅಂತ ಯಾರಾದರೂ ವಾದಿಸಿದರೆ ಹೊಲವೇ ಹೋಗುವ ಮಾತು.

ಫಸಲು ಅಂದ್ರೆ ಬೆಳೆ. ಹಿಜರಿ ವರ್ಷ ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಅದನ್ನು ಹಿಡಿದರೆ ಕಂದಾಯದ ದಿನ ಸುಗ್ಗಿ ಬಿಟ್ಟು ಜಾರ್ತಾ ಹೋಗ್ತದ. ಅದಕ್ಕೇ ಅಕ್ಬರನ ಕಾಲದಲ್ಲಿ ಈ ಬೆಳೆ ವರ್ಷ ಹುಟ್ಟಿತು. ನಿಜಾಮರ ರಾಜ್ಯದಲ್ಲಿ ಅಕ್ಟೋಬರ್ ಮೊದಲ ವಾರಕ್ಕೆ ಆಜುರ್ ಶುರು. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಎಲ್ಲಾ ಕಡೆ ಅದೇ ಲೆಕ್ಕ.

ಫಸಲಿಗೆ 590 ಕೂಡಿಸಿದರೆ ಇಸವಿ ಅಂತ ಎಲ್ಲರೂ ಹೇಳ್ತಾರ. ಅದು ಡಿಸೆಂಬರ್ ತನಕ ಮಾತ್ರ ಖರೆ. ಜನವರಿ ದಾಟಿದರೆ 591 ಕೂಡಿಸಬೇಕು. ಮುತ್ಯಾನ ತೀರ್ ತಿಂಗಳು 1936ರಲ್ಲಿ ಬರ್ತದ, 1935ರಲ್ಲಿ ಅಲ್ಲ. ಮೇಲಾಗಿ ದಿನ ಗೊತ್ತಿಲ್ಲದಿದ್ದರೆ ಯಂತ್ರ ಜನವರಿ 1 ತುಂಬಿಕೊಳ್ತದ. ನಮ್ಮ ಮಾಸ್ತರರು ಅರ್ಧ ಕ್ಲಾಸಿಗೆ ಜೂನ್ 1 ಹುಟ್ಟಿದ ದಿನ ಅಂತ ಬರೆದಂಗೆ. ನಾನೂ ಅದೇ ದಿನ ಹುಟ್ಟಿದವನೇ!

ವಾಚನಾಲಯದ ಹುಡುಗನಿಗೆ ನಾನು ಹೇಳಿದೆ: ಯಂತ್ರವನ್ನು ನಂಬೋದಕ್ಕಿಂತ ಮೊದಲು ನಮಗೆ ಪಕ್ಕಾ ಗೊತ್ತಿದ್ದ ದಿನ ಹಾಕಿ ನೋಡು. ನಿಜಾಮರು ಭಾರತದ ಕೂಡ ಯಥಾಸ್ಥಿತಿ ಒಪ್ಪಂದ ಮಾಡಿದ್ದು 1947ರ ನವೆಂಬರ್ 29. ಪೊಲೀಸ್ ಆ್ಯಕ್ಷನ್ ಮುಗಿದು ಹೈದರಾಬಾದ್ ಶರಣಾದದ್ದು 1948ರ ಸೆಪ್ಟೆಂಬರ್ 17. ಎರಡೂ 1357 ಫಸಲಿಯೊಳಗೇ ಬರ್ತಾವ, ಒಂದು ದೈ ತಿಂಗಳು, ಇನ್ನೊಂದು ಆಬಾನ್. ಹಾಕಿ ನೋಡಿದ, ಎರಡಕ್ಕೂ 1947 ಅಂತು ಯಂತ್ರ. ಒಂದೇ ದಿನ ಹಾಕಿದ್ದರೆ, ಅದೂ ನವೆಂಬರಿನದು ಹಾಕಿದ್ದರೆ, ಪಾಸಾಗಿ ಹೋಗ್ತಿತ್ತು.

ಇನ್ನೊಂದು ತೊಡಕು ಅದ. ಈಗ ತೆಲಂಗಾಣದ ಫಸಲಿ ಜುಲೈ 1ಕ್ಕೆ ಶುರು. ಅಂಕಿ ಒಂದೇ ಸಾಲಿನದು, ಶುರು ಬೇರೆ. ಬರೀ ಅಂಕಿ ಬರೆದಿಟ್ಟರೆ ಯಾವ ಕಾಲದ ಫಸಲಿ ಅಂತ ಮೊಮ್ಮಕ್ಕಳಿಗೆ ಹೆಂಗೆ ತಿಳೀಬೇಕು?

ನಮ್ಮ ಕಾಗದ ಮತ್ತೆ ಬರೆಸಿದ್ದಾಯ್ತು. ಒಂದು ಖಾನೆಯೊಳಗೆ ಕಾಗದದಲ್ಲಿ ಇದ್ದದ್ದು ಇದ್ದಂಗೆ, ಪಕ್ಕದಲ್ಲಿ ಇಸವಿ. ದಿನದ ಖಾನೆ ಖಾಲಿ ಬಿಡಿಸೇನಿ.