ಖರ್ವಡದ ಬಾಳು: ಹಳ್ಳಿಯಿಂದ ದಾವಣಗೆರೆಗೆ

ಗ್ರಾಮ, ನಗರ, ಖೇಡ, ಖರ್ವಡ, ಮಡಂಬ, ದ್ರೋಣಾಮುಖ, ಪತ್ತನ ಎಂದು ಊರುಗಳ ಬಗೆಗಳನ್ನು ಸಾಲಾಗಿ ಎಣಿಸುವ ಪದ್ಧತಿ ನಮ್ಮ ಹಳೆಯ ಶಾಸನಗಳಲ್ಲಿ, ಅದರಲ್ಲಿಯೂ ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದ ಪ್ರಶಸ್ತಿಗಳಲ್ಲಿ, ಕಾಣಬರುತ್ತದೆ. ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡಬೇಕಾದ ಒಣ ಪಟ್ಟಿಯೆಂದು ಭಾವಿಸಿ ಆಕಳಿಸುವುದುಂಟು. ಆದರೆ ಆ ಪಟ್ಟಿಯನ್ನು ಕಡೆದವರು ಊರೂರು ತಿರುಗಿ ಸರಕು ಮಾರುತ್ತಿದ್ದ ಜನ; ಅವರಿಗೆ ಹಳ್ಳಿ ಎಂದರೇನು, ರಾಜಧಾನಿ ಎಂದರೇನು ಎಂಬುದು ಮಾತ್ರವಲ್ಲ, ಈ ಎರಡರ ನಡುವಣ ಮೆಟ್ಟಿಲುಗಳೂ ಚೆನ್ನಾಗಿ ತಿಳಿದಿದ್ದವು. ಕೌಟಿಲ್ಯನ ಅರ್ಥಶಾಸ್ತ್ರವಾದರೋ ಲೆಕ್ಕವನ್ನೇ ಕೊಡುತ್ತದೆ: 800 ಹಳ್ಳಿಗಳ ನಡುವೆ ಒಂದು ಸ್ಥಾನೀಯ, 400ರ ನಡುವೆ ದ್ರೋಣಮುಖ, 200ರ ನಡುವೆ ಖಾರ್ವಟಿಕ, 10 ಹಳ್ಳಿಗಳಿಗೆ ಒಂದು ಸಂಗ್ರಹಣ. ಶಾಸನದ ಖರ್ವಡ ಈ ಖಾರ್ವಟಿಕದ ಹತ್ತಿರದ ನಂಟ.

ಇದೇ ಗ್ರಂಥದಲ್ಲಿ, ಹಳ್ಳಿಗಳಲ್ಲಿ ವಿನೋದಕ್ಕಾಗಿ ಶಾಲೆಗಳನ್ನು ಕಟ್ಟಬಾರದು, ನಟರೂ ನರ್ತಕರೂ ಗಾಯಕರೂ ಅಲ್ಲಿಗೆ ಹೋಗಿ ರೈತರ ಕೆಲಸ ಕೆಡಿಸಬಾರದು ಎಂಬ ಕಟ್ಟಳೆಯೂ ಇದೆ. ಹಾಡು ಕೇಳಬೇಕಾದವನು ಪೇಟೆಗೆ ಬರಬೇಕು! ಈ ಒಂದು ಕಟ್ಟಳೆಯನ್ನಂತೂ ನಮ್ಮ ರೇಡಿಯೋ ಎಂದೋ ಮುರಿದು ಹಾಕಿತು. ಮಿಕ್ಕ ಆಕರ್ಷಣೆಗಳು ಇನ್ನೂ ಪೇಟೆಯಲ್ಲಿಯೇ ಉಳಿದಿವೆ.

ವಾಚಕ ಮಹಾಶಯರೇ, ಈ ಪತ್ರಿಕೆಯನ್ನು ಓದುವ ತಾವು ಬಹುಮಟ್ಟಿಗೆ ಪಟ್ಟಣವಾಸಿಗಳು. ಆದರೆ ತಮ್ಮ ತಂದೆಯವರೋ ತಾತನವರೋ ಯಾವುದೋ ಒಂದು ವರ್ಷ ಹಳ್ಳಿಯ ಮನೆಗೆ ಬೀಗ ಹಾಕಿ ಬಂದವರೇ ಆಗಿರುವುದು ಹೆಚ್ಚು. ಈಗ ಊರಿನಿಂದ ತಮ್ಮ ದಾಯಾದಿಗಳೋ ಭಾವಮೈದುನರೋ ಬಂದು, "ಅಣ್ಣಾ, ನಾವೂ ಇಲ್ಲೇ ಒಂದು ಮನೆ ಮಾಡೋಣವೆಂದಿದ್ದೇವೆ, ನೀವೇನೆನ್ನುತ್ತೀರಿ?" ಎಂದು ಕೇಳಿದರೆ ತಾವು ಏನು ಹೇಳುತ್ತೀರಿ? ಪ್ರತಿ ವರ್ಷ ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ಈ ಪ್ರಶ್ನೆ ನನ್ನ ಮುಂದೆಯೂ ಬರುತ್ತದೆ. ಹೊಲ ಮಾರುವುದೋ ಕೋರಿಗೆ ಕೊಡುವುದೋ, ಮುದುಕರನ್ನು ಕರೆತರುವುದೋ ಬಿಟ್ಟುಬರುವುದೋ ಎಂಬ ಮಾತು ಅದರ ಬೆನ್ನಿಗೇ ಇರುತ್ತದೆಯಾದ್ದರಿಂದ, ಹೌದು ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳುವುದು ನನ್ನಿಂದಾಗದು. ಒಂದು ಊರಿನ ಚರಿತ್ರೆಯನ್ನು ಮುಂದಿಟ್ಟು ಮಾತನಾಡುವುದು ನನ್ನ ರೂಢಿ. ಆ ಊರು ದಾವಣಗೆರೆ.

ಹೆಸರಿನ ವಿಚಾರ ಮೊದಲು. ದನಕರುಗಳನ್ನೂ ಕುದುರೆಗಳನ್ನೂ ಸಾಲಾಗಿ ಕಟ್ಟುವ ಹಗ್ಗಕ್ಕೆ ದಾವಣಿ ಎನ್ನುತ್ತೇವೆ. ಚಾಲುಕ್ಯರ ದಂಡಿನ ಕುದುರೆಗಳನ್ನು ಇಲ್ಲಿಯ ಕೆರೆಯ ದಡದಲ್ಲಿ ದಾವಣಿ ಹಾಕಿ ಕಟ್ಟುತ್ತಿದ್ದರು, ಆದಕಾರಣ ದಾವಣಿಕೆರೆಯೇ ದಾವಣಗೆರೆಯಾಯಿತು ಎಂದು ಜನ ಹೇಳುತ್ತಾರೆ. ಕಥೆ ಸೊಗಸಾಗಿದೆ, ಜನರ ಬಾಯಲ್ಲಿ ಬಾಳಲಿ. ಚರಿತ್ರೆಗೆ ಹೆಚ್ಚು ಬೆಲೆಯುಳ್ಳ ಮಾತು ಬೇರೆ. ಹಿಂದೆ ಈ ಸೀಮೆಯಲ್ಲಿ ಹೆಸರುಳ್ಳ ಊರು ಬೇತೂರು. ದಾವಣಗೆರೆ ಅದರ ಹೊರಗಣ ಒಂದು ಸಣ್ಣ ಪಾಳ್ಯ. ಇಂದು ಬೇತೂರು ಹಳ್ಳಿ, ಪಾಳ್ಯವೇ ಮಹಾನಗರಪಾಲಿಕೆ.

ಇದು ಹೇಗಾಯಿತು? ಹೈದರ್ ಅಲಿಯು ಈ ಊರನ್ನು ಆಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಈತನು ವರ್ತಕರನ್ನು ಕರೆಸಿ, ಪ್ರೋತ್ಸಾಹವಿತ್ತು, ನೆಲೆ ನಿಲ್ಲಿಸಿದನು. ಹೊಸ ಪೇಟೆಗೆ ಬರುವ ವರ್ತಕನಿಗೆ ಕೆಲವು ವರ್ಷ ಸುಂಕ ಮಾಫಿ, ಮನೆ ಕಟ್ಟಲು ನಿವೇಶನ, ಇವನ್ನೆಲ್ಲ ಬರೆದುಕೊಟ್ಟ ಕೌಲು: ಆ ಶತಮಾನದಲ್ಲಿ ಕನ್ನಡ ನಾಡಿನ ಅನೇಕ ಪೇಟೆಗಳು ಬೆಳೆದ ರೀತಿ ಇದೇ. 1727ರಲ್ಲಿ ಸವಣೂರು ನವಾಬನ ಆಳ್ವಿಕೆಯಲ್ಲಿ ಬಸಪ್ಪಶೆಟ್ಟರು ಹೊಸ ಹುಬ್ಬಳ್ಳಿಯನ್ನು ಕಟ್ಟಿದ್ದೂ ಹೀಗೆ ವರ್ತಕರನ್ನು ನೆಚ್ಚಿಯೇ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅಂದು ಊರು ಬಿಟ್ಟು ಬರುವವನಿಗೆ ಪಟ್ಟಣವೇ ವಚನ ಕೊಡುತ್ತಿತ್ತು. ಇಂದು ಬರುವವನು ತಾನೇ ಮುಂಗಡ ಹಣ ಹಿಡಿದು ಮನೆ ಮಾಲೀಕನ ಮುಂದೆ ನಿಲ್ಲಬೇಕು. ಅವನ ಕೈಯಲ್ಲಿ ಕೌಲಿಲ್ಲ.

ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು 1801ರಲ್ಲಿ ಈ ದಾರಿಯಾಗಿ ಹೋಗುವ ಹೊತ್ತಿಗೆ ಇಲ್ಲಿಯ ಪೇಟೆ ಬಲವಾಗಿ ಬೇರೂರಿತ್ತು. ಮಲೆನಾಡಿನ ಅಡಿಕೆ, ಮೆಣಸುಗಳು ಇಲ್ಲಿ ಕೈ ಬದಲಾಯಿಸಿ ಆರ್ಕಾಟಿನ ಹತ್ತಿರದ ವಾಲಾಜಾಪೇಟೆಗೆ ಹೋಗುತ್ತಿದ್ದವು. ಮದರಾಸಿನ ಕಡೆಯ ಸರಕು ಇತ್ತ ಬರುತ್ತಿತ್ತು. ಸುತ್ತಲ ಕುರಿಹಟ್ಟಿಗಳ ಉಣ್ಣೆಯಿಂದ ನೇಯುತ್ತಿದ್ದ ನಯವಾದ ಕಂಬಳಿಗಳು ಈ ಊರಿಗೆ ಹೆಸರು ತಂದಿದ್ದವು. ಮಲೆನಾಡಿನ ಫಸಲು, ಬಯಲುಸೀಮೆಯ ದುಡಿಮೆ, ನಡುವೆ ಒಂದು ತಕ್ಕಡಿ ಎಂದರೆ ದಾವಣಗೆರೆಯನ್ನು ವರ್ಣಿಸಿದಂತಾಯಿತು. ಬೆಂಗಳೂರಿನಿಂದ ಹರಿಹರದವರೆಗೆ ರೈಲುಹಾದಿ 1889ರ ಹೊತ್ತಿಗೆ ಬಂದ ಮೇಲೆ ತಕ್ಕಡಿಯ ತೂಕ ಹೆಚ್ಚಿತು. ಆದರೂ 1901ರ ಜನಗಣತಿಯಲ್ಲಿ ಊರಿನ ಜನ 10,402 ಮಾತ್ರ. 2011ರಲ್ಲಿ ಅದು 4 ಲಕ್ಷ 30 ಸಾವಿರವನ್ನು ದಾಟಿತ್ತು. ಹುಟ್ಟಿದ ಮಕ್ಕಳಿಂದ ಮಾತ್ರ ಇಷ್ಟು ಬೆಳೆಯಲಾರದು. ಹಳ್ಳಿಯ ಮನೆಗೆ ಬೀಗ ಹಾಕಿದವರ ಲೆಕ್ಕ ಇದರಲ್ಲಿ ಅಡಗಿದೆ.

ಅವರನ್ನು ಕರೆದದ್ದು ಮುಖ್ಯವಾಗಿ ಹತ್ತಿ. ಸುತ್ತಲ ಕಪ್ಪುನೆಲದಲ್ಲಿ ಹತ್ತಿ ಬೆಳೆಯುತ್ತಿತ್ತು, ಜಿನ್ನಿಂಗ್ ಕಾರ್ಖಾನೆಗಳಾದವು, 1930ರ ದಶಕದಿಂದ ಮುಂದಕ್ಕೆ ನೂಲಿನ, ಬಟ್ಟೆಯ ಗಿರಣಿಗಳು ಒಂದರ ಮೇಲೊಂದು ಎದ್ದವು. ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಊರಿಗೆ ಅಂಟಿತು. ಮಳೆಯನ್ನು ನೆಚ್ಚಿ ಕೂತಿದ್ದ ಜಗಳೂರು, ಹರಪನಹಳ್ಳಿ ಕಡೆಯ ಒಕ್ಕಲಮಗನಿಗೆ ತಿಂಗಳ ಸಂಬಳವೆಂಬುದು ಎಂತಹ ವಸ್ತುವಾಗಿದ್ದಿರಬೇಕೆಂಬುದನ್ನು ತಾವು ಊಹಿಸಬಹುದು. ಮೋಡ ನೋಡದೆ ಬದುಕಬಹುದು! ಗಿರಣಿಯ ಸಿಳ್ಳೆಯ ಸದ್ದಿಗೆ ಊರು ಏಳುತ್ತಿತ್ತು, ಮಲಗುತ್ತಿತ್ತು. ಕಾರ್ಮಿಕ ಸಂಘಗಳು ಬಲಗೊಂಡವು. ಕಾರ್ಮಿಕ ಮುಖಂಡ ಪಂಪಾಪತಿಯವರು ಈ ಊರಿನಿಂದ ಶಾಸನಸಭೆಗೆ ಆರಿಸಿ ಹೋದರು. ಹಳ್ಳಿಯಲ್ಲಿ ಗೌಡರ ಕಟ್ಟೆಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವನು ಇಲ್ಲಿ ಬಾವುಟ ಹಿಡಿದು ರಸ್ತೆಯ ನಡುವೆ ನಡೆದನು.

ಈ ಕೊನೆಯ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಪಟ್ಟಣದ ಲಾಭನಷ್ಟಗಳನ್ನು ಎಣಿಸುವವರು ಸಾಮಾನ್ಯವಾಗಿ ಬಾಡಿಗೆ, ಹಾಲಿನ ದರ, ಶಾಲೆಯ ಶುಲ್ಕ ಇವನ್ನೇ ಎಣಿಸುತ್ತಾರೆ. ಹಳ್ಳಿಯ ಬಾವಿಗೆ ಹಗ್ಗ ಬಿಡಗೊಡದವರು, ಹೋಟೆಲಿನಲ್ಲಿ ಬೇರೆ ಲೋಟ ಇಡಿಸಿದವರು ಯಾರು, ಆ ಲೋಟದಲ್ಲಿ ಕುಡಿದವರು ಯಾರು ಎಂಬುದನ್ನು ಎಣಿಸುವುದಿಲ್ಲ. ಡಾ. ಅಂಬೇಡ್ಕರ್ ಅವರು 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಮಾತನಾಡುತ್ತ ಹಳ್ಳಿಯ ಮೇಲಣ ಮೋಹವನ್ನು ಕಟುವಾಗಿ ಖಂಡಿಸಿದ್ದರು. ಹಳ್ಳಿಯ ನೆಮ್ಮದಿಯನ್ನು ಹೊಗಳಿ ಬರೆಯುವ ನಮ್ಮಂಥವರು ಆ ಮಾತನ್ನು ಮರೆಯುವುದು ಸುಲಭ, ಏಕೆಂದರೆ ನಮಗೆ ಆ ಬಾವಿಯ ನೀರು ಸಿಕ್ಕಿತ್ತು. ಗಂಡ ತೀರಿಕೊಂಡ ಹೆಣ್ಣುಮಗಳು ಹಳ್ಳಿಯಲ್ಲಿ ಹತ್ತು ಕಣ್ಣುಗಳ ಕಾವಲಿನಲ್ಲಿ ಬಾಳಬೇಕಾದರೆ, ಪಟ್ಟಣದಲ್ಲಿ ಹೊಲಿಗೆ ಯಂತ್ರವನ್ನಿಟ್ಟುಕೊಂಡು ಯಾರಿಗೂ ಉತ್ತರ ಹೇಳದೆ ಬಾಳಬಹುದು. ಇಂಥವರಿಗೆ ಪಟ್ಟಣವು ಮೊದಲು ಬಿಡುಗಡೆ, ಆಮೇಲೆ ಸೌಕರ್ಯ. ಹಾಗೆಂದು ಅದನ್ನೂ ಅತಿಯಾಗಿ ಹೊಗಳಲಾರೆ. "ಮನೆ ಖಾಲಿ ಇದೆ" ಎಂಬ ಹಲಗೆಯ ಕೆಳಗೆ ನಿಂತವನನ್ನು "ಯಾವ ಪೈಕಿ?" ಎಂದು ಕೇಳುವ ವಾಡಿಕೆ ಪಟ್ಟಣಗಳಿಂದ ಇನ್ನೂ ತೊಲಗಿಲ್ಲ.

ಇನ್ನು ನಷ್ಟದ ಕಡೆ. ಮಧ್ಯಮ ಪ್ರಮಾಣದ ನಗರದ ದೊಡ್ಡ ಅಪಾಯವೆಂದರೆ ಅದು ಬಹಳ ಸಲ ಒಂದೇ ಕಂಬದ ಮೇಲೆ ನಿಂತಿರುತ್ತದೆ. ಭದ್ರಾ ನದಿಗೆ ಲಕ್ಕವಳ್ಳಿಯಲ್ಲಿ ಅಣೆಕಟ್ಟಾಗಿ ನಾಲೆಯ ನೀರು ಈ ಸೀಮೆಗೆ ಹರಿದಾಗ ರೈತರು ಹತ್ತಿಯನ್ನು ಬಿಟ್ಟು ಭತ್ತಕ್ಕೆ ತಿರುಗಿದರು, ಅನಂತರ ಅಡಿಕೆಗೂ ತಿರುಗಿದರು. ರೈತನಿಗೆ ಅದು ಭಾಗ್ಯವೇ ಸರಿ. ಆದರೆ ಗಿರಣಿಗೆ ಹತ್ತಿರದ ಹತ್ತಿ ತಪ್ಪಿತು. ಯಂತ್ರಗಳು ಹಳೆಯವಾದವು, ವಿದ್ಯುಚ್ಚಾಲಿತ ಮಗ್ಗಗಳ ಅಗ್ಗದ ಬಟ್ಟೆ ಪೈಪೋಟಿಗೆ ಬಂದಿತು. ಶತಮಾನದ ಕೊನೆಯ ದಶಕಗಳಲ್ಲಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಬೆಂಗಳೂರಿನಂಥ ಊರಿನಲ್ಲಿ ಒಂದು ಕಾರ್ಖಾನೆ ಮುಚ್ಚಿದರೆ ಇನ್ನೊಂದರ ಬಾಗಿಲು ತಟ್ಟಬಹುದು. ಇಲ್ಲಿ ತಟ್ಟುವುದಕ್ಕೆ ಬಾಗಿಲೆಲ್ಲಿ? ನಲವತ್ತೈದು ದಾಟಿದ ನೂಲುಗಾರನು ತಳ್ಳುಗಾಡಿಗೋ ಕಾವಲುಗಾರಿಕೆಗೋ ಇಳಿದನು. ಹಳ್ಳಿಯ ಹೊಲ ಮಾರದೆ ಉಳಿಸಿಕೊಂಡಿದ್ದವನಿಗೆ ಹಿಂದಿರುಗಲು ನೆಲವಿತ್ತು, ಅದೂ ನಾಲೆಯ ನೀರು ಕಂಡ ನೆಲ. ಮಾರಿ ಬಂದಿದ್ದವನಿಗೆ ಅದೂ ಇರಲಿಲ್ಲ. ನನ್ನನ್ನು ಕೇಳಲು ಬರುವವರಿಗೆ ನಾನು ಒತ್ತಿ ಹೇಳುವುದು ಈ ಒಂದು ಸಂಗತಿಯನ್ನೇ.

ಇನ್ನೊಂದು ಅಪಾಯ, ಇಂಥ ನಗರಗಳಲ್ಲಿ ಹುಟ್ಟಿದ್ದು ದೊಡ್ಡ ನಗರಕ್ಕೆ ಜಾರಿಹೋಗುವುದು. ಇದಕ್ಕೆ ರೇಡಿಯೋ ಕೇಳುವ ತಮಗೆ ಬೇರೆ ನಿದರ್ಶನ ಬೇಕಿಲ್ಲ. ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಮೊದಲು ಸಲ್ಲುತ್ತಿದ್ದುದು ಆ ಕೇಂದ್ರಕ್ಕೆ. 1955ರಲ್ಲಿ ಕೇಂದ್ರವು ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ನಿಲಯ ಬಂದದ್ದು 1974ರಲ್ಲಿ. ಅದಕ್ಕೂ ಹಿಂದೆ, 1831ರಲ್ಲಿ ಬ್ರಿಟಿಷ್ ಕಮಿಷನರ ಆಡಳಿತ ಬಂದಾಗ, ಕಛೇರಿಗಳು ಅದೇ ದಾರಿಯಲ್ಲಿ ಹೋಗಿದ್ದವು. ಕಛೇರಿ ಹೋದರೆ ಗುಮಾಸ್ತನ ಮನೆ ಖಾಲಿಯಾಗುತ್ತದೆ, ಗುಮಾಸ್ತನ ಮನೆ ಖಾಲಿಯಾದರೆ ದಿನಸಿ ಅಂಗಡಿಯ ವ್ಯಾಪಾರ ಕುಂದುತ್ತದೆ.

ದಾವಣಗೆರೆಯಾದರೋ ಬಿದ್ದು ಎದ್ದ ಊರು. ಗಿರಣಿಯ ಕಂಬ ಕುಸಿಯುವ ಮೊದಲೇ ವಿದ್ಯೆಯ ಕಂಬ ನೆಟ್ಟಿದ್ದರು: 1951ರಲ್ಲಿ ಇಂಜಿನಿಯರಿಂಗ್ ಕಾಲೇಜು, 1965ರಲ್ಲಿ ವೈದ್ಯಕೀಯ ಕಾಲೇಜು. 1997ರಲ್ಲಿ ಜಿಲ್ಲಾಕೇಂದ್ರವಾಯಿತು, 2009ರಲ್ಲಿ ವಿಶ್ವವಿದ್ಯಾನಿಲಯ ಬಂದಿತು. ಹೆರಿಗೆಗೆ, ಹಾವು ಕಚ್ಚಿದವರಿಗೆ, ಎದೆನೋವಿಗೆ ಸುತ್ತಲ ಜಿಲ್ಲೆಗಳವರೂ ಇಲ್ಲಿಗೇ ಓಡಿಬರುತ್ತಾರೆ. ವಯಸ್ಸಾದ ತಂದೆತಾಯಿಗಳಿರುವವರಿಗೆ ಇದೊಂದೇ ಕಾರಣ ಸಾಕು. ಮಹಾನಗರದಲ್ಲಿಯೂ ಆಸ್ಪತ್ರೆಗಳಿಲ್ಲವೆಂದಲ್ಲ, ಅಲ್ಲಿ ಆಸ್ಪತ್ರೆಯನ್ನು ತಲುಪುವುದೇ ಒಂದು ರೋಗ.

ಹಾಗಾದರೆ ಇಲ್ಲಿ ಎಲ್ಲವೂ ಸುಗಮವೇ? ರೈಲುಹಾದಿಯ ಈಚೆಗೆ ಹಳೆಯ ಊರು, ಆಚೆಗೆ ಬಡಾವಣೆಗಳು. ನಡುವೆ ಅಶೋಕ ಚಿತ್ರಮಂದಿರದ ಬಳಿಯ ಗೇಟು ಹಾಕಿದಾಗ ಎರಡು ಕಡೆಯ ಜನ ಬಿಸಿಲಲ್ಲಿ ನಿಂತು ಒಬ್ಬರ ಮುಖವನ್ನೊಬ್ಬರು ನೋಡಿದ್ದು ದಶಕಗಳ ಪುರಾಣ. ನಲ್ಲಿಯ ನೀರು ತುಂಗಭದ್ರೆಯನ್ನೂ ಭದ್ರಾ ನಾಲೆಯನ್ನೂ ನಂಬಿದೆ; ನಾಲೆ ನಿಂತ ಬೇಸಿಗೆಯಲ್ಲಿ ಕುಂದವಾಡ ಕೆರೆಯ ಮಟ್ಟವನ್ನು ಜನ ಬ್ಯಾಂಕಿನ ಪುಸ್ತಕದಂತೆ ನೋಡುತ್ತಾರೆ. ಊರಿಗೆ ರುಚಿ ಕೊಟ್ಟ ಮಂಡಕ್ಕಿಯ ಭಟ್ಟಿಗಳಲ್ಲಿ ಹಳೆಯ ಟಯರು ಸುಟ್ಟ ಹೊಗೆಯನ್ನು ಕುಡಿದವರು ಬಡವರ ಮಕ್ಕಳು. 2016ರಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲಿ ಈ ಊರಿನ ಹೆಸರು ಬಂದಾಗ ಎಲ್ಲರೂ ಹಿಗ್ಗಿದರು. ಹೊಗೆಗೆ ಪಟ್ಟಿ ಓದಲು ಬರುವುದಿಲ್ಲ.

ಇಷ್ಟಾದರೂ ಇಂಥ ನಗರಕ್ಕಿರುವ ಒಂದು ಗುಣವನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಇಲ್ಲಿಗೆ ಬಂದವನು ಹಳ್ಳಿಯನ್ನು ಪೂರ್ತಿಯಾಗಿ ಬಿಡಬೇಕಾಗಿಲ್ಲ. ಬೆಳಗಿನ ಬಸ್ಸಿಗೆ ಹೊರಟು, ಹೊಲ ನೋಡಿ, ಆಳುಗಳಿಗೆ ಹೇಳಿ, ಸಂಜೆಗೆ ತಿರುಗಿ ಬರಬಹುದು. ಮೆಕ್ಕೆಜೋಳದ ಚೀಲ ಮಾರುಕಟ್ಟೆಗೆ ಬರುವಾಗ ಮನೆಗೂ ಅರ್ಧ ಚೀಲ ಜೋಳ, ಒಂದು ಕುಂಬಳಕಾಯಿ ಬರುತ್ತದೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಯಾದರೆ ನೆಂಟರಿಷ್ಟರೆಲ್ಲ ಪೇಟೆಯ ಮನೆಯಲ್ಲಿ ಸೇರುತ್ತಾರೆ. ಈ ನಂಟಿನ ಬೆಲೆ ಕಷ್ಟಕಾಲದಲ್ಲಿ ತಿಳಿಯುತ್ತದೆ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ನುಗ್ಗಿದಾಗ ಪೇಟೆಯವರು ಮನೆಗಳನ್ನು ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡರು, ಹಳ್ಳಿಯ ನಂಟರನ್ನು ಹುಡುಕಿದರು. 2020ರಲ್ಲಿ ಕೋವಿಡ್ ಬಂದು ಕೆಲಸಗಳು ನಿಂತಾಗ ಮಹಾನಗರಗಳಿಂದ ಜನ ಗಂಟುಮೂಟೆ ಹೊತ್ತು ನಡೆದದ್ದನ್ನು ತಾವೂ ನಾನೂ ಕಂಡಿದ್ದೇವೆ. ನೂರು ಹರದಾರಿ ನಡೆಯಬೇಕಾದವನಿಗೂ ಹತ್ತು ಹರದಾರಿಯ ಊರಿನವನಿಗೂ ಅಂದು ಇದ್ದ ಅಂತರ ಸಾಮಾನ್ಯವಾದುದಲ್ಲ.

ಕೊನೆಗೆ ಒಂದು ಸಂಗತಿ. ನಿಟ್ಟುವಳ್ಳಿ, ಶಾಮನೂರು, ಆವರಗೆರೆ ಇವು ಒಂದು ಕಾಲಕ್ಕೆ ದಾವಣಗೆರೆಯ ಸುತ್ತಲ ಹಳ್ಳಿಗಳು. ಇಂದು ನಗರದ ಬಡಾವಣೆಗಳು. ಅಲ್ಲಿಯ ಹಳೆಯ ಮನೆತನಗಳು ಗಾಡಿ ಕಟ್ಟಲಿಲ್ಲ, ಬೀಗ ಹಾಕಲಿಲ್ಲ. ಗದ್ದೆಯ ಬದುವಿನವರೆಗೆ ಪಟ್ಟಣವೇ ನಡೆದು ಬಂದಿತು. ಮೊದಲು ಬಂದ ಬೆಲೆಗೆ ನೆಲ ಕೊಟ್ಟವರೂ ಇದ್ದಾರೆ, ಕಾದು ಕೊಟ್ಟವರೂ ಇದ್ದಾರೆ, ನಿವೇಶನಗಳ ನಡುವೆ ಇನ್ನೂ ಎರಡು ಎಮ್ಮೆ ಕಟ್ಟಿಕೊಂಡು ಹಾಲು ಹಾಕುತ್ತಿರುವವರೂ ಇದ್ದಾರೆ. ಆದುದರಿಂದ ತಮ್ಮ ಭಾವಮೈದುನರ ಊರು ನಗರಕ್ಕೆ ಎರಡು ಮೂರು ಮೈಲಿಯಲ್ಲಿದ್ದರೆ, ಹೊಸ ರಸ್ತೆಯ ಅಳತೆಯ ಕಲ್ಲುಗಳು ಎಲ್ಲಿಯವರೆಗೆ ಬಂದಿವೆಯೆಂದು ಮೊದಲು ಹೋಗಿ ನೋಡಿಕೊಂಡು ಬರಹೇಳಿ.