ಪ್ರಸಾದ: ತಿಳಿಯಾಗುವುದು, ಒಲಿಯುವುದು

ಪ್ರಸಾದ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಪುಳಿಯೋಗರೆ, ಕೋಸಂಬರಿ, ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯ. ಆದರೆ ಪದದ ಹುಟ್ಟಿನಲ್ಲಿ ತಿನಿಸಿನ ಸುಳಿವಿಲ್ಲ. ಸಂಸ್ಕೃತದ 'ಸದ್' ಧಾತುವಿಗೆ ಕೂರು, ನೆಲೆಗೊಳ್ಳು ಎಂಬ ಅರ್ಥವಿದೆ. ಅದಕ್ಕೆ 'ಪ್ರ' ಸೇರಿದಾಗ ಕದಡಿದ್ದು ತಳಕ್ಕಿಳಿದು ತಿಳಿಯಾಗುವುದು ಎಂದಾಗುತ್ತದೆ. ಮಳೆಗಾಲದ ಕೆನ್ನೀರು ಶರತ್ಕಾಲಕ್ಕೆ ತಿಳಿಯಾದರೆ ಅದು ಪ್ರಸನ್ನ. ಪ್ರಸನ್ನ, ಪ್ರಸಾದ ಎರಡೂ ಒಂದೇ ಧಾತುವಿನವು.

ನೀರಿನ ಈ ನಂಟನ್ನು ಉಳಿಸಿಕೊಂಡಿರುವುದು ಚಿಲ್ಲದ ಬೀಜ. ಸಂಸ್ಕೃತದಲ್ಲಿ ಇದರ ಮರ ಕತಕ. ಬೀಜವನ್ನು ಮಡಕೆಯ ಒಳಮೈಗೆ ಉಜ್ಜಿ ರಾಡಿ ನೀರು ತುಂಬಿಟ್ಟರೆ ಮಣ್ಣು ಅಡಿಗಿಳಿದು ನೀರು ತಿಳಿಯಾಗುತ್ತದೆ. ಮನುಸ್ಮೃತಿಯ 6ನೇ ಅಧ್ಯಾಯ ಈ ಕಾಯಿಯನ್ನು 'ಅಂಬುಪ್ರಸಾದಕ', ಅಂದರೆ ನೀರನ್ನು ತಿಳಿಗೊಳಿಸುವುದು ಎನ್ನುತ್ತದೆ. ಅದರ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದು ಎಂದೂ ಸೇರಿಸುತ್ತದೆ. ಧರ್ಮವನ್ನು ಬಾಯಲ್ಲಿ ಆಡಿದರೆ ಸಾಲದು, ನಡೆಯಬೇಕು ಎನ್ನುವುದಕ್ಕೆ ಅಲ್ಲಿ ಬಂದ ಮಾತಿದು. ಪದದ ಮುಂದಿನ ಬಾಳಿಗೆ ಇದಕ್ಕಿಂತ ಒಳ್ಳೆಯ ಮುನ್ನುಡಿ ಸಿಗುವುದು ಕಷ್ಟ.

ನೀರಿನಿಂದ ಪದ ಮನಸ್ಸಿಗೆ ಬಂತು. ಭಗವದ್ಗೀತೆಯ 2ನೇ ಅಧ್ಯಾಯದಲ್ಲಿ ಪ್ರಸಾದವೆಂದರೆ ಕಲಕದ ಚಿತ್ತ; ಅದನ್ನು ಪಡೆದವನ ದುಃಖಗಳೆಲ್ಲ ಅಳಿಯುತ್ತವೆ. 18ನೇ ಅಧ್ಯಾಯದ ಕೊನೆಯಲ್ಲಿ ತನ್ನ ಮೋಹ ಕಳೆದದ್ದು ಕೃಷ್ಣನ ಪ್ರಸಾದದಿಂದ ಎಂದು ಅರ್ಜುನ ಹೇಳುವಾಗ ಅದೇ ಪದಕ್ಕೆ ದೇವರ ಅನುಗ್ರಹ ಎಂಬ ಅರ್ಥ. ಒಂದು ಭಕ್ತನ ಒಳಗಿನ ನೆಮ್ಮದಿ, ಇನ್ನೊಂದು ದೇವರ ಒಲವು. ಕನ್ನಡವೂ ಎರಡನ್ನು ಬೇರ್ಪಡಿಸಿಲ್ಲ: ಮನಸ್ಸು ಪ್ರಸನ್ನವಾಗುತ್ತದೆ, ದೇವರೂ ಪ್ರಸನ್ನನಾಗುತ್ತಾನೆ. ಮಧ್ವಮತದಲ್ಲಂತೂ ಮೋಕ್ಷ ದೊರೆಯುವುದೇ ವಿಷ್ಣುವಿನ ಪ್ರಸಾದದಿಂದ. ಜ್ಞಾನ, ಭಕ್ತಿಗಳು ಆ ಪ್ರಸಾದಕ್ಕೆ ದಾರಿ. ತಿಳಿಯಾಗುವ ಅರ್ಥ ಬರಹಕ್ಕೂ ಸಂದಿತು: ಕಾವ್ಯಮೀಮಾಂಸೆಯಲ್ಲಿ ದಂಡಿ ಹೇಳುವ ಹತ್ತು ಗುಣಗಳಲ್ಲಿ ಒಂದು ಪ್ರಸಾದ. ಓದಿದೊಡನೆ ಅರ್ಥ ತಿಳಿಯುವ ಬರಹದ ಗುಣವದು.

ತಿನಿಸಿನ ಅರ್ಥ ಬಂದದ್ದು ದೇವರ ಒಲವಿನಿಂದಲೇ. ಒಲವಿನ ಗುರುತಾಗಿ ಕೈಗೆ ಬಂದದ್ದೂ ಪ್ರಸಾದವಾಯಿತು. ಅದೇ ಅನ್ನ ದೇವರ ಮುಂದಿಡುವ ತನಕ ನೈವೇದ್ಯ, ಇಟ್ಟು ತೆಗೆದ ಮೇಲೆ ಪ್ರಸಾದ. ನೈವೇದ್ಯದ ಅಡುಗೆಯ ರುಚಿ ನೋಡುವಂತಿಲ್ಲ. ಪ್ರಸಾದದಲ್ಲಿ ಉಪ್ಪು ಸಾಲದಿದ್ದರೆ ಆಡಿಕೊಳ್ಳುವಂತೆಯೂ ಇಲ್ಲ. ಬಲಗೈ ಚಾಚಿ, ಎಡಗೈ ಕೆಳಗೆ ಹಿಡಿದು, ಕಣ್ಣಿಗೊತ್ತಿಕೊಂಡು ಬಾಯಿಗಿಡುತ್ತಾರೆ. ಕುಂಕುಮ, ಗಂಧ, ಹೂ ಕೂಡ ಪ್ರಸಾದವೇ. ಮಲೆನಾಡು, ಕರಾವಳಿಗಳ ಕೆಲವು ದೇವಸ್ಥಾನಗಳಲ್ಲಿ 'ಪ್ರಸಾದ ಕೇಳುವುದು' ಎಂಬ ರೂಢಿಯಿದೆ. ಮದುವೆ, ಮನೆ ಕಟ್ಟುವ ಕೆಲಸಗಳಿಗೆ ಮುಂಚೆ ದೇವರ ಮುಂದೆ ನಿಂತು ಕೇಳಿಕೊಳ್ಳುತ್ತಾರೆ. ಮೂರ್ತಿಯ ಬಲಗಡೆಯಿಂದ ಹೂ ಬಿದ್ದರೆ ಒಪ್ಪಿಗೆ. ಇಲ್ಲಿ ಪ್ರಸಾದವೆಂದರೆ ಅಪ್ಪಣೆ. ದೇವರಿಗೆ ಒಪ್ಪಿಗೆಯಿಲ್ಲದ ಕೆಲಸಕ್ಕೆ ಕೈಹಾಕುವುದಿಲ್ಲ ಎಂಬ ನಿಲುವೂ ಅದರೊಳಗಿದೆ. ಕನ್ನಡ ಕ್ಯಾಥೊಲಿಕರು ದೇವರ ಕೃಪೆಯನ್ನು ವರಪ್ರಸಾದ ಎನ್ನುತ್ತಾರೆ, ಬಲಿಪೂಜೆಯಲ್ಲಿ ಸ್ವೀಕರಿಸುವ ರೊಟ್ಟಿಯನ್ನು ಪರಮಪ್ರಸಾದ ಎನ್ನುತ್ತಾರೆ.

ಪದಕ್ಕೆ ಅತ್ಯಂತ ಕಟ್ಟುನಿಟ್ಟಿನ ಅರ್ಥ ಕೊಟ್ಟವರು 12ನೇ ಶತಮಾನದ ಶರಣರು. ಭಕ್ತನನ್ನು ಕಾಯುವ ಎಂಟು ಆವರಣಗಳಾದ ಅಷ್ಟಾವರಣಗಳಲ್ಲಿ ಪ್ರಸಾದ ಒಂದು. ಸಾಧನೆಯ ಆರು ಮೆಟ್ಟಿಲುಗಳಾದ ಷಟ್‌ಸ್ಥಲಗಳಲ್ಲಿ ಭಕ್ತ, ಮಹೇಶ್ವರರ ಬಳಿಕ ಮೂರನೆಯದು ಪ್ರಸಾದಿಸ್ಥಲ. ದುಡಿಯದೆ ತಂದದ್ದು ಲಿಂಗಕ್ಕೆ ಸಲ್ಲದು, ಸಲ್ಲದ್ದು ಪ್ರಸಾದವಾಗದು. ಆಯ್ದಕ್ಕಿ ಮಾರಯ್ಯನ ಕತೆ ಈ ನಿಯಮವನ್ನು ಕಣ್ಣ ಮುಂದೆ ತರುತ್ತದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುವುದು ಅವನ ಕಾಯಕ. ಒಮ್ಮೆ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಲೆಗೇರಿಸಲಿಲ್ಲ. ಹೆಚ್ಚಾದದ್ದನ್ನು ಅಲ್ಲೇ ಸುರಿದು ಬರುವಂತೆ ಹಿಂದಕ್ಕೆ ಕಳಿಸಿದಳು. ಅಕ್ಕಿ ಕದ್ದದ್ದಲ್ಲ, ಬೇಡಿದ್ದೂ ಅಲ್ಲ. ಆದರೂ ಅಗತ್ಯ ಮೀರಿದ ಹಿಡಿ ಅಕ್ಕಿ ಶಿವನಿಗೆ ಒಪ್ಪಿತವಲ್ಲ ಎಂಬುದು ಅವಳ ದೃಢವಾದ ನಂಬಿಕೆ. ದೇವರನ್ನು ಮೆಚ್ಚಿಸುವ ಬಾಳು ಪೂಜೆಯ ಹೊತ್ತಿಗಷ್ಟೇ ಸೀಮಿತವಲ್ಲ, ಅಕ್ಕಿಯ ಅಳತೆಯಿಂದಲೇ ಮೊದಲಾಗುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಕತೆಗಳು ವಿರಳ.

ಈ ಅರ್ಥದ ಜಾಡು ಇಂದಿಗೂ ಇದೆ. ಲಿಂಗಾಯತ ಮಠಗಳಲ್ಲಿ 'ಊಟ ಆಯ್ತಾ' ಎನ್ನುವುದಕ್ಕೆ ಬದಲು 'ಪ್ರಸಾದ ಆಯ್ತಾ' ಎನ್ನುತ್ತಾರೆ. ತಟ್ಟೆಯಲ್ಲಿ ಅಗುಳು ಬಿಡುವಂತಿಲ್ಲ. ಸಂಪ್ರದಾಯಸ್ಥರು ಉಂಡ ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುತ್ತಾರೆ. ಓದುವ ಹುಡುಗರಿಗಾಗಿ ಮಠಗಳೂ ಸಂಘಗಳೂ ನಡೆಸುವ ಎಷ್ಟೋ ವಿದ್ಯಾರ್ಥಿನಿಲಯಗಳಿಗೆ 'ಉಚಿತ ಪ್ರಸಾದ ನಿಲಯ' ಎಂಬ ಹೆಸರಿದೆ.